ಒಂದು ತಲಬಾಗಿಲು, ಎರಡು ಒಲಿ

"ಇನ್ನೂ ಏನ್ ಕಲ್ಯಾಕತ್ತೀಯವ್ವಾ?" ಎಂದು ಊರಿನಲ್ಲಿ ಕೇಳುವವರಿಗೆ ಏನು ಹೇಳಬೇಕೆಂಬುದು ಪಿಎಚ್.ಡಿ.ಗೆ ಸೇರಿದ ದಿನದಿಂದಲೂ ನನಗಿರುವ ತೊಡಕು. "ಕಂಪ್ಯೂಟರ್ ರೀ" ಅಂದರೆ, "ಹಂಗಾರ ನಮ್ಮ ಹುಡುಗನ ಮೊಬೈಲ್ ಒಂದೀಟು ನೋಡವಾ, ಭಾಳ ಹ್ಯಾಂಗ್ ಆಗಾಕತ್ತೈತಿ" ಎನ್ನುತ್ತಾರೆ. "ನೆಟ್‌ವರ್ಕ್ ರೀ" ಅಂದರೆ ಟವರಿನ ಕಡೆ ಕೈ ತೋರಿಸಿ, ನಮ್ಮ ಓಣ್ಯಾಗ ಒಂದು ಕಡ್ಡಿನೂ ಬರೂದಿಲ್ಲ, ಮೊದಲು ಅದನ್ನ ಸರಿ ಮಾಡು ಎನ್ನುತ್ತಾರೆ. ಇಪ್ಪತ್ತೆಂಟು ದಾಟಿದ ಹುಡುಗಿ ಮದುವೆಯಾಗದೆ ಇನ್ನೂ ಓದುತ್ತಿದ್ದಾಳೆಂದರೆ ಆ ಓದಿಗೆ ಜನರ ಬಾಯಲ್ಲಿ ನಿಲ್ಲುವಂಥ ಒಂದು ಹೆಸರಾದರೂ ಬೇಕು. ಡಾಕ್ಟರು, ವಕೀಲರು, ಕೃಷಿ ಕಾಲೇಜಿನವರು, ಇವರಿಗೆಲ್ಲ ಹೆಸರಿದೆ. ನನ್ನದಕ್ಕಿಲ್ಲ.

ಒಮ್ಮೆ ಅವ್ವನೇ ಕೇಳಿದಳು. ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳಿದೆ: "ಒಂದು ಪೆಟಗಿ ಇರ್ತೈತಿ. ಅದಽ ಪೆಟಗಿ ಎರಡು ಕಡೆಯವರು ಬಳಸ್ತಾರ. ಒಬ್ಬರ ದಾರಿ ಇನ್ನೊಬ್ಬರಿಗೆ ಗೊತ್ತಾಗಬಾರದು. ಇಬ್ಬರ ಕೆಲಸನೂ ನಿಲ್ಲಬಾರದು. ಅದನ್ನ ಹೆಂಗ ಬ್ಯಾರೆ ಇಡೂದು, ಬ್ಯಾರೆ ಇಟ್ಟದ್ದು ಖರೇನ ಬ್ಯಾರೆ ಐತಿ ಅಂತ ಹೆಂಗ ತಿಳಕೊಳ್ಳೂದು, ಅದನ್ನ ಓದಾಕತ್ತೀನಿ." ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಅಂದಳು: "ಇದಕ್ಕ ಐದು ವರ್ಷ ಬೇಕೇನ? ನಮ್ಮನಿ ನೋಡಿ ಬರದ್ರ ಆತಲ್ಲ."

ಅವ್ವ ಚೇಷ್ಟೆಗೆ ಅಂದದ್ದು. ಆದರೆ ನನ್ನ ಪ್ರಬಂಧದ ಬಹುಭಾಗವನ್ನು ನಾನು ಬರೆದದ್ದು ಮುಗದದ ಅದೇ ಮನೆಯಲ್ಲಿ ಕುಳಿತು. ಫೆಲೋಶಿಪ್ಪಿನ ಅವಧಿ ಮುಗಿದ ಮೇಲೆ ಧಾರವಾಡದ ಬಾಡಿಗೆ ಕೋಣೆ ಬಿಟ್ಟು ಊರಿಗೆ ಬಂದಿದ್ದೆ. ಹಾಗಾಗಿ ಆ ಪೆಟ್ಟಿಗೆಯೂ ಈ ಮನೆಯೂ ನನ್ನೊಳಗೆ ಕಲೆತುಹೋಗಿವೆ.

ಮುಗದ ಗೊತ್ತಿಲ್ಲದವರಿಗೆ: ಧಾರವಾಡದಿಂದ ಅಳ್ನಾವರಕ್ಕೆ ಹೋಗುವ ದಿಕ್ಕಿನಲ್ಲಿ, ಬಯಲುಸೀಮೆ ಮುಗಿದು ಮಲೆನಾಡು ಇನ್ನೂ ಶುರುವಾಗದ ಜಾಗದಲ್ಲಿ ಇದೆ ನಮ್ಮೂರು. ರೈಲಿನಲ್ಲಿ ಬಂದರೆ ಕ್ಯಾರಕೊಪ್ಪ ಆದ ಮೇಲೆ ಮುಗದ, ಆಮೇಲೆ ಕಂಬಾರಗಣವಿ. ದೊಡ್ಡ ಕೆರೆ ಇದೆ, ಭತ್ತದ ಗದ್ದೆಗಳಿವೆ, ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವಿದೆ. 'ಮುಗದ ಸುಗಂಧ' ಎಂಬ ಅಕ್ಕಿಯ ಹೆಸರು ಕೇಳಿದ್ದರೆ, ಆ ಹೆಸರಿನ ಊರು ಇದೇ.

ನಮ್ಮ ಮನೆಗೆ ತಲಬಾಗಿಲು ಒಂದೇ. ಒಳಗೆ ಬಂದರೆ ಉದ್ದನೆಯ ಪಡಸಾಲೆ. ಎಡಗಡೆಯ ಅಡುಗೆಮನೆ ನಮ್ಮದು, ಬಲಗಡೆಯದು ಕಾಕಾನದು. ಹನ್ನೊಂದು ವರ್ಷದ ಹಿಂದೆ ಅಪ್ಪ ಮತ್ತು ಕಾಕಾ ಬೇರೆಯಾದರು. ಕೆರೆ ಕೆಳಗಿನ ಗದ್ದೆ ಯಾರಿಗೆ, ಬೋರಿನ ಮೋಟಾರು ಯಾರದು ಎಂಬಲ್ಲಿ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗಿ ಮುಟ್ಟಿತು. ಹಿರಿಯರು ಕೂತು ವಾಟ್ನಿ ಮಾಡಿಸಿದರು. ಹೊಲ, ಗದ್ದೆ, ಎತ್ತು, ಹಿತ್ತಾಳೆಯ ಹಂಡೆ ಎಲ್ಲ ಪಾಲಾದವು. ಪಡಸಾಲೆಯನ್ನು ಮಾತ್ರ ಪಾಲು ಮಾಡಲಿಲ್ಲ. ನಡುವೆ ಗೋಡೆ ಹಾಕಿದರೆ ಎರಡೂ ಕಡೆ ಬೆಳಕು ಬರುವುದಿಲ್ಲ ಎಂದು ಆಯಿ ಹಟ ಹಿಡಿದಿದ್ದಳಂತೆ. ಹೀಗಾಗಿ ಎರಡೂ ಮನೆಯವರು ಅದೇ ಪಡಸಾಲೆಯಲ್ಲಿ ಓಡಾಡುತ್ತಾರೆ, ಅದೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. ಅಪ್ಪ ಮತ್ತು ಕಾಕಾ ಎದುರುಬದುರಾದರೆ ಒಬ್ಬರು ಕ್ಯಾಲೆಂಡರಿನ ಕಡೆ ನೋಡುತ್ತಾರೆ.

ಈಗ ಪೆಟ್ಟಿಗೆಗೆ ಬರುತ್ತೇನೆ. ರೌಟರ್ ಎಂದರೆ ದಾರಿ ಹೇಳುವ ಯಂತ್ರ. ನೀವು ಕಳಿಸಿದ ಫೋಟೋ, ಪತ್ರ, ಹಣ, ಏನೇ ಇರಲಿ, ಜಾಲದಲ್ಲಿ ಅದು ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಹೋಗುತ್ತದೆ. ಪ್ರತಿ ಪ್ಯಾಕೆಟ್ಟಿನ ಮೇಲೂ ಸೇರಬೇಕಾದ ವಿಳಾಸ ಇರುತ್ತದೆ. ರೌಟರಿನೊಳಗೆ ಒಂದು ದಾರಿಪಟ್ಟಿ ಇರುತ್ತದೆ: ಈ ಗುಂಪಿನ ವಿಳಾಸಗಳಿಗಾದರೆ ಈ ತಂತಿ, ಆ ಗುಂಪಿಗಾದರೆ ಆ ತಂತಿ, ಉಳಿದದ್ದೆಲ್ಲ ಇತ್ತ. ಪಟ್ಟಿಯಲ್ಲಿ ಹೊಂದುವ ಸಾಲೇ ಇಲ್ಲದಿದ್ದರೆ ರೌಟರ್ ಆ ಪ್ಯಾಕೆಟ್ಟನ್ನು ಎಸೆದುಬಿಡುತ್ತದೆ. ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂತವರ ಹಾಗೆ ಅದು. ಇಡೀ ಊರಿನ ನಕ್ಷೆ ಅದಕ್ಕೆ ಬೇಕಿಲ್ಲ, ನಿಮ್ಮನ್ನು ಮುಂದಿನ ಬಸ್ಸಿಗೆ ಹತ್ತಿಸುವಷ್ಟು ಗೊತ್ತಿದ್ದರೆ ಸಾಕು.

ಈ ಪಟ್ಟಿ ಒಂದೇ ಇರಬೇಕೆಂಬ ನಿಯಮವೇನೂ ಇಲ್ಲ. ಒಂದೇ ರೌಟರಿನೊಳಗೆ ಎರಡು, ಹತ್ತು, ನೂರು ಪಟ್ಟಿಗಳನ್ನು ಇಡಬಹುದು. ಪ್ಯಾಕೆಟ್ ಯಾವ ಬಾಗಿಲಿನಿಂದ ಒಳಬಂತೋ ಆ ಬಾಗಿಲಿಗೆ ಸೇರಿದ ಪಟ್ಟಿಯನ್ನಷ್ಟೇ ನೋಡಿ ದಾರಿ ಹೇಳಬೇಕು ಎಂದು ಗೊತ್ತುಪಡಿಸಬಹುದು. ಇದಕ್ಕೆ ವರ್ಚುವಲ್ ರೌಟಿಂಗ್ ಅಂಡ್ ಫಾರ್ವರ್ಡಿಂಗ್ ಎಂದು ಹೆಸರು. ನಮ್ಮ ಕಡೆಯವರು ವಿಆರ್‌ಎಫ್ ಎನ್ನುತ್ತಾರೆ. ಪೆಟ್ಟಿಗೆ ಒಂದು, ಕರೆಂಟ್ ಒಂದು, ಫ್ಯಾನಿನ ಸದ್ದು ಒಂದು. ಆದರೆ ಒಳಗೆ ಎರಡು ರೌಟರುಗಳೇ ಇದ್ದಂತೆ.

ಇದು ಯಾಕೆ ಬೇಕಾಯಿತು ಎಂಬುದಕ್ಕೆ ಒಂದು ಕತೆಯಿದೆ. ಇಂಟರ್‌ನೆಟ್ಟಿನ ವಿಳಾಸಗಳು ಮುಗಿದುಹೋಗುತ್ತವೆ ಎಂಬ ಚಿಂತೆ ತೊಂಬತ್ತರ ದಶಕದಲ್ಲಿ ಶುರುವಾದಾಗ, 1996ರಲ್ಲಿ ಒಂದು ದಾಖಲೆ ಹೊರಬಂತು. ಅದರ ಸಂಖ್ಯೆ ಆರ್‌ಎಫ್‌ಸಿ 1918. ಕೆಲವು ವಿಳಾಸಗಳನ್ನು ಖಾಸಗಿ ಬಳಕೆಗೆಂದು ತೆಗೆದಿಟ್ಟು, ಯಾರು ಬೇಕಾದರೂ ತಮ್ಮ ಆವರಣದೊಳಗೆ ಬಳಸಿಕೊಳ್ಳಿ, ಯಾರನ್ನೂ ಕೇಳಬೇಕಿಲ್ಲ ಎಂದಿತು ಅದು. 192.168 ಎಂದು ಶುರುವಾಗುವ 65,536 ವಿಳಾಸಗಳು ಅದರಲ್ಲಿವೆ. ನಿಮ್ಮ ಮನೆಯ ವೈಫೈ ಪೆಟ್ಟಿಗೆಯ ಒಳಗಿನ ವಿಳಾಸವೂ ಬಹುಶಃ ಹಾಗೇ ಶುರುವಾಗುತ್ತದೆ. ಕೇಳದೆ ಬಳಸಬಹುದು ಎಂದ ಮೇಲೆ ಎಲ್ಲರೂ ಅವನ್ನೇ ಬಳಸಿದರು. ಬ್ಯಾಂಕಿನಲ್ಲೂ 192.168.1.20 ಇದೆ, ಆಸ್ಪತ್ರೆಯಲ್ಲೂ ಇದೆ. ಇಬ್ಬರೂ ಒಂದೇ ಟೆಲಿಫೋನ್ ಕಂಪನಿಯ ಗಿರಾಕಿಗಳಾಗಿ, ನಮ್ಮ ನಮ್ಮ ಶಾಖೆಗಳನ್ನು ಜೋಡಿಸಿಕೊಡಿ ಎಂದು ಬಂದರೆ ಕಂಪನಿಯ ರೌಟರ್ ಏನು ಮಾಡಬೇಕು? ಪಟ್ಟಿ ಒಂದೇ ಆದರೆ ಅದಕ್ಕೆ ಈ 20 ಯಾರ 20 ಎಂದು ತಿಳಿಯುವುದಿಲ್ಲ.

ಉತ್ತರ 1999ರಲ್ಲಿ ಬಂತು. ಸಿಸ್ಕೊ ಕಂಪನಿಯ ಎರಿಕ್ ರೋಸೆನ್ ಮತ್ತು ಯಾಕೋವ್ ರೆಖ್ಟರ್ ಬರೆದ ಆರ್‌ಎಫ್‌ಸಿ 2547ರಲ್ಲಿ, ಗಿರಾಕಿಗೊಂದು ಪಟ್ಟಿ ಇಡುವ ವಿಧಾನವನ್ನು ವಿವರಿಸಲಾಯಿತು. ಈ ರೆಖ್ಟರ್ ಅವರೇ ಮೂರು ವರ್ಷ ಹಿಂದಿನ ಆ 1918ರ ಲೇಖಕರಲ್ಲೂ ಮೊದಲಿಗರು ಎಂಬುದನ್ನು ಓದಿ ನನಗೆ ಖುಷಿಯಾಗಿತ್ತು. ಒಂದೇ ಹೆಸರನ್ನು ಎಲ್ಲರಿಗೂ ಕೊಟ್ಟವರೇ ಅದರಿಂದಾಗುವ ಗೊಂದಲಕ್ಕೂ ದಾರಿ ಹುಡುಕಬೇಕಾಯಿತು. ಅವರು ಮಾಡಿದ್ದು ನಮ್ಮ ಕಡೆಯ ಅಡ್ಡಹೆಸರಿನ ಉಪಾಯ. ಒಂದು ಊರಲ್ಲಿ ಇಪ್ಪತ್ತು ಬಸವಣ್ಣೆಪ್ಪಗಳಿದ್ದರೆ ಅಡ್ಡಹೆಸರು ಹಚ್ಚಿ ಕರೆಯುವುದಿಲ್ಲವೆ? ಹಾಗೆಯೇ ನಾಲ್ಕು ಬೈಟಿನ ವಿಳಾಸದ ಮುಂದೆ ಎಂಟು ಬೈಟಿನ ಗುರುತೊಂದನ್ನು ಹಚ್ಚಿದರು. ಬ್ಯಾಂಕಿನ 20 ಬೇರೆಯಾಯಿತು, ಆಸ್ಪತ್ರೆಯ 20 ಬೇರೆಯಾಯಿತು. ಒಂದು ರೌಟರ್ ಇನ್ನೊಂದಕ್ಕೆ ದಾರಿಗಳನ್ನು ತಿಳಿಸುವಾಗ ಈ ಅಡ್ಡಹೆಸರಿನ ಸಮೇತ ತಿಳಿಸುತ್ತದೆ.

ಇಂದು ಇದು ಎಲ್ಲೆಲ್ಲೂ ಇದೆ. ಹಳಿಗಳ ಪಕ್ಕ ಫೈಬರ್ ಹಾಸಿ ಜಾಲ ಕಟ್ಟಲೆಂದು 2000ದಲ್ಲಿ ಶುರುವಾದ ರೈಲ್‌ಟೆಲ್ ಹೊರಗಿನ ಗಿರಾಕಿಗಳಿಗೂ ಇಂಥ ಪ್ರತ್ಯೇಕ ಜಾಲಗಳನ್ನು ಮಾರುತ್ತದೆ. ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಕೇಂದ್ರ ಸರ್ಕಾರ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಜಾಲದಲ್ಲೂ ಒಂದೇ ಹೆದ್ದಾರಿಯ ಮೇಲೆ ಬೇರೆ ಬೇರೆ ಸಂಶೋಧಕರ ಗುಂಪುಗಳಿಗೆ ತಮ್ಮದೇ ಮುಚ್ಚಿದ ಬಳಗಗಳನ್ನು ಮಾಡಿಕೊಡುತ್ತಾರೆ. ಯಾವುದೇ ಕಾಲೇಜಿನ ಆವರಣ ತೆಗೆದುಕೊಳ್ಳಿ, ಹಾಸ್ಟೆಲಿನ ವೈಫೈ, ಪರೀಕ್ಷಾ ವಿಭಾಗ, ಲೆಕ್ಕಪತ್ರ ಶಾಖೆ ಎಲ್ಲಕ್ಕೂ ಬೇರೆ ಬೇರೆ ದುಬಾರಿ ರೌಟರ್ ಕೊಳ್ಳುವುದಕ್ಕಾಗುವುದಿಲ್ಲ. ಪೆಟ್ಟಿಗೆ ಒಂದೇ ಇಟ್ಟು ಪಟ್ಟಿಗಳನ್ನು ಬೇರೆ ಮಾಡುವುದು ಅಗ್ಗ.

ಬೇರೆ ಪಟ್ಟಿಗೂ ಕಾವಲಿಗೂ ವ್ಯತ್ಯಾಸವಿದೆ. ನನ್ನ ಪ್ರಬಂಧದ ಮೊದಲ ಅಧ್ಯಾಯ ಅದೇ. ಒಂದೇ ಪಟ್ಟಿ ಇಟ್ಟು, ಇವರು ಅತ್ತ ಹೋಗಬಾರದು ಎಂದು ನಿಷೇಧದ ಸಾಲುಗಳನ್ನು ಬರೆಯಬಹುದು. ಆಗ ದಾರಿ ಇರುತ್ತದೆ, ಬಾಗಿಲಲ್ಲಿ ಒಬ್ಬ ಕಾವಲುಗಾರ ಇರುತ್ತಾನೆ. ಅವನು ಕಣ್ಣು ಮುಚ್ಚಿದರೆ ಮುಗಿಯಿತು. ಪಟ್ಟಿಯೇ ಬೇರೆಯಾದರೆ ಕಾವಲುಗಾರನೇ ಬೇಡ, ಯಾಕೆಂದರೆ ದಾರಿಯೇ ಇಲ್ಲ. ಅಪ್ಪನಿಗೆ ಇದು ಥಟ್ಟನೆ ತಿಳಿಯಿತು. ಅವನ ಚಿಕ್ಕಂದಿನಲ್ಲಿ ನಮ್ಮ ಊರಿನ ಹಳಿ ಮೀಟರ್ ಗೇಜು. ಅಜ್ಜನನ್ನು ದವಾಖಾನೆಗೆಂದು ಮೀರಜಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ. ಮೀರಜದಿಂದ ಪುಣೆಯ ಕಡೆಗೆ ಬ್ರಾಡ್ ಗೇಜು. "ಎರಡೂ ಗಾಡಿ ಬಾಜೂಕ ನಿಂದರ್ತಿದ್ದವು. ನಮ್ಮ ಗಾಡಿ ಆ ಹಳಿಗಿ ಹೋಗಬಾರದು ಅಂತ ಯಾರೂ ಬೋರ್ಡ್ ಹಾಕಿರ್ಲಿಲ್ಲ. ಗಾಲಿನಽ ಕೂಡ್ತಿರ್ಲಿಲ್ಲ" ಎಂದ ಅಪ್ಪ. ಒಂದು ಮೀಟರ್ ಅಗಲದ ಹಳಿಗೂ 1,676 ಮಿಲಿಮೀಟರ್ ಅಗಲದ ಹಳಿಗೂ ನಡುವೆ ಪೊಲೀಸರು ಬೇಕಿರಲಿಲ್ಲ. ಮಂದಿ, ಗಂಟು, ಮೂಟೆ ಮಾತ್ರ ಇಳಿದು ಹತ್ತಬೇಕಿತ್ತು.

ಹಾಗೆ ಇಳಿದು ಹತ್ತುವ ಕೆಲಸ ನಮ್ಮ ಮನೆಯಲ್ಲಿ ಆಯಿಯದಾಗಿತ್ತು. ವಾಟ್ನಿಯಲ್ಲಿ ಆಯಿಯೂ ಪಾಲಾಗಿದ್ದಳು. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯವರೆಗೆ ನಮ್ಮ ಒಲೆ, ಆಮೇಲೆ ಕಾಕಾನ ಒಲೆ. ಅಮಾವಾಸ್ಯೆಯ ಸಂಜೆ ತನ್ನ ಹಾಸಿಗೆ ಸುತ್ತಿಕೊಂಡು, ಎಲೆಅಡಿಕೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿ, ಪಡಸಾಲೆ ದಾಟಿ ಹೋಗುತ್ತಿದ್ದಳು. ಇಪ್ಪತ್ತು ಹೆಜ್ಜೆ. ಎರಡೂ ಕಡೆ ಅವಳನ್ನು ಕರೆಯುತ್ತಿದ್ದದ್ದು 'ಅವ್ವಾ' ಎಂದೇ.

ಕಾಕಾನ ಅಡುಗೆಮನೆಯಲ್ಲಿ ಕೂತು, ಯಾರನ್ನೂ ನೋಡದೆ, "ಆಚೀಮನ್ಯಾಗ ಹಿರ್ಯಾಗ ಮೂರು ದಿನ ಆತು ಜ್ವರ ಬಿಟ್ಟಿಲ್ಲ" ಎನ್ನುತ್ತಿದ್ದಳು. ಮರುದಿನ ಚಿಗವ್ವ ಒಂದು ಬಟ್ಟಲು ಗಂಜಿಯನ್ನು ಆಯಿಯ ಕೈಯಲ್ಲಿ ಕಳಿಸುತ್ತಿದ್ದಳು. ನಮ್ಮ ಮನೆಯ ತಿಂಗಳು ಬಂದಾಗ, ಕಾಕಾನ ಮಗ ಪಿಯುಸಿಯಲ್ಲಿ ಪಾಸಾದ ಸುದ್ದಿ ಹಾಗೆಯೇ ನಮ್ಮ ಕಡೆ ಬಂತು. ಎಲ್ಲವೂ ದಾಟುತ್ತಿರಲಿಲ್ಲ. ಒಂದು ಒಲೆಯ ಮುಂದೆ ಆಡಿದ ಬೈಗುಳ ಇನ್ನೊಂದು ಒಲೆಗೆ ಯಾವತ್ತೂ ತಲುಪಲಿಲ್ಲ. ಏನನ್ನು ಆಚೆ ಒಯ್ಯಬೇಕು, ಏನನ್ನು ಸಂಚಿಯಲ್ಲೇ ಬಿಡಬೇಕು ಎಂದು ಅವಳು ತೀರ್ಮಾನಿಸಿದ್ದಳು. ವಿಆರ್‌ಎಫ್‌ನಲ್ಲಿ ಇದಕ್ಕೆ ಸೋರಿಕೆ ಎಂಬ ಹೆಸರಿದೆ, ಅದು ಬೈಗುಳವೇನಲ್ಲ. ಎರಡು ಪಟ್ಟಿಗಳ ನಡುವೆ ಬೇಕೆಂದೇ ಒಂದೆರಡು ದಾರಿಗಳನ್ನು ದಾಟಿಸುವುದು, ಯಾವುದು ದಾಟಬೇಕು ಎಂಬುದಕ್ಕೆ ನಿಯಮ ಬರೆಯುವುದು. ನನ್ನ ಸಂಶೋಧನೆ ಇರುವುದು ಆ ನಿಯಮಗಳ ಮೇಲೆಯೇ. ಸಾವಿರಾರು ಸಾಲಿನ ನಿಯಮಗಳನ್ನು ಓದಿ, ದಾಟಬೇಕಾದದ್ದು ಮಾತ್ರ ದಾಟುತ್ತದೆಯೆ, ದಾಟಬಾರದ್ದು ಎಲ್ಲಾದರೂ ಸುತ್ತುಬಳಸಿ ದಾಟುತ್ತದೆಯೆ ಎಂದು ಜಾಲವನ್ನು ಚಾಲೂ ಮಾಡುವ ಮೊದಲೇ ಹೇಳುವ ಪ್ರೋಗ್ರಾಮು ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಕಾರ್ತಿಕದಲ್ಲಿ ಆಯಿ ತೀರಿಕೊಂಡಳು. ಅದು ಕಾಕಾನ ತಿಂಗಳು. ಮಣ್ಣು ಮಾಡಿ ಬಂದ ದಿನ ಅಣ್ಣತಮ್ಮ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತಿದ್ದರು. ದಿನಕರ್ಮಗಳೆಲ್ಲ ಮುಗಿದ ಮೇಲೆ ಮತ್ತೆ ಕ್ಯಾಲೆಂಡರು. ಈ ಸಲ ಯಾರಿಗೆ ಜ್ವರ ಬಂತು, ಯಾರ ಗದ್ದೆಗೆ ಹಂದಿ ಬಿತ್ತು, ಯಾವುದೂ ಗೊತ್ತಾಗುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ದಾರಿ ಇರಲಿಲ್ಲ.

ಕಳೆದ ವರ್ಷ ನಮ್ಮ ಓಣಿಗೆ ಫೈಬರ್ ಬಂತು. ತಂತಿ ಎಳೆಯುವವರು ತಲಬಾಗಿಲು ಒಂದೇ ಇರುವುದನ್ನು ನೋಡಿ ಒಂದೇ ಕನೆಕ್ಷನ್ ಕೊಡುತ್ತೇವೆ ಎಂದರು. ಕಾಕಾನ ಮಗ, ನನ್ನ ತಮ್ಮ, ಬಲಗಡೆಯ ಮುಂದಿನ ಕೋಣೆಯಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟಿದ್ದಾನೆ. ಪಹಣಿ, ಬೆಳೆವಿಮೆ, ಸ್ಕಾಲರ್‌ಶಿಪ್ ಅರ್ಜಿ ಎಂದು ದಿನವಿಡೀ ಜನ. ಅವನಿಗೆ ನೆಟ್ ಇಲ್ಲದೆ ನಡೆಯುವುದಿಲ್ಲ, ನನಗೂ ನಡೆಯುವುದಿಲ್ಲ. ನಾವಿಬ್ಬರು ಮಾತಾಡಿ ಬಿಲ್ಲನ್ನು ಅರ್ಧ ಅರ್ಧ ಮಾಡಿಕೊಂಡೆವು. ಆದರೆ ಅವನ ಅಂಗಡಿಯ ಕಂಪ್ಯೂಟರುಗಳ ಮುಂದೆ ಯಾರ್ಯಾರೋ ಕೂರುತ್ತಾರೆ, ಪೆನ್‌ಡ್ರೈವ್ ಹಾಕುತ್ತಾರೆ. ಅಲ್ಲಿಂದ ನನ್ನ ಲ್ಯಾಪ್‌ಟಾಪಿಗೆ ದಾರಿ ಇರಬಾರದು. ಊರಿನವರ ಆಧಾರ್ ಕಾಗದಗಳು ತುಂಬಿರುವ ಅವನ ಕಂಪ್ಯೂಟರಿಗೆ ನಮ್ಮ ಮನೆಗೆ ಬಂದ ನೆಂಟರ ಮೊಬೈಲಿನಿಂದ ದಾರಿ ಇರಬಾರದು.

ಹುಬ್ಬಳ್ಳಿಯಲ್ಲಿ ನಾಲ್ಕು ಪೋರ್ಟಿನ ಸೆಕೆಂಡ್ ಹ್ಯಾಂಡ್ ಪುಟ್ಟ ಕಂಪ್ಯೂಟರೊಂದನ್ನು ತಂದು ಲಿನಕ್ಸ್ ಹಾಕಿದೆ. ಲಿನಕ್ಸಿನ ಒಳಗೇ ವಿಆರ್‌ಎಫ್ ಬಂದದ್ದು 2015ರಲ್ಲಿ, 4.3ನೇ ಆವೃತ್ತಿಯಿಂದ. ಅಲ್ಲಿಂದೀಚೆಗೆ ದೊಡ್ಡ ಕಂಪನಿಗಳ ಲಕ್ಷಗಟ್ಟಲೆ ರೂಪಾಯಿಯ ಪೆಟ್ಟಿಗೆಯಲ್ಲಿದ್ದ ವಿದ್ಯೆ ಇಂಥ ಪೆಟ್ಟಿಗೆಯಲ್ಲೂ ಸಿಗುತ್ತದೆ. ಪಡಸಾಲೆಯ ನಡುಗಂಬಕ್ಕೆ ಅದನ್ನು ಮೊಳೆ ಹೊಡೆದು ಕೂರಿಸಿದೆವು. ಒಂದು ಪೋರ್ಟಿಗೆ ಫೈಬರ್, ಒಂದಕ್ಕೆ ನಮ್ಮ ಮನೆ, ಒಂದಕ್ಕೆ ಕಾಕಾನ ಮನೆ ಮತ್ತು ಅಂಗಡಿ. ಒಳಗೆ ಎರಡು ಪಟ್ಟಿ. ಎರಡರ ಕೊನೆಯ ಸಾಲೂ ಒಂದೇ: ಉಳಿದದ್ದೆಲ್ಲ ಫೈಬರಿನ ಕಡೆಗೆ. ಹೊರಹೋಗುವಾಗಲೇ ಯಾವ ಮನೆಯದೆಂದು ಪೆಟ್ಟಿಗೆ ಗುರುತು ಹಾಕಿಕೊಳ್ಳುತ್ತದೆ, ಉತ್ತರ ಬಂದಾಗ ಆ ಮನೆಗೇ ಕೊಡುತ್ತದೆ. ಎರಡೂ ಮನೆಯ ವಿಳಾಸಗಳು 192.168.1 ಎಂದೇ ಶುರುವಾಗುತ್ತಿದ್ದವು. ನನ್ನ ಲ್ಯಾಪ್‌ಟಾಪಿನ ಸಂಖ್ಯೆ 20, ಅಂಗಡಿಯ ಎರಡನೇ ಕಂಪ್ಯೂಟರಿನ ಸಂಖ್ಯೆಯೂ 20. ಏನೂ ತೊಂದರೆಯಾಗಲಿಲ್ಲ.

ತೊಂದರೆ ತಂದದ್ದು ಪ್ರಿಂಟರು. ನನ್ನ ಅಧ್ಯಾಯಗಳನ್ನು ಕಾಗದದ ಮೇಲೆ ತಿದ್ದಬೇಕಿತ್ತು, ಪ್ರಿಂಟರು ಇರುವುದು ಅಂಗಡಿಯಲ್ಲಿ. ಎಲ್ಲವನ್ನೂ ಬೇರೆ ಇಟ್ಟು ಅದೊಂದನ್ನು ಮಾತ್ರ ಎರಡೂ ಕಡೆಯಿಂದ ತಲುಪುವಂತೆ ಮಾಡು ಅಕ್ಕಾ ಎಂದ ತಮ್ಮ. ಪ್ರಿಂಟರಿಗೆ ನಾಲ್ಕನೇ ಪೋರ್ಟು ಕೊಟ್ಟು, 10.10.10.5 ಎಂಬ ಸ್ವಂತ ವಿಳಾಸ ಕೊಟ್ಟು, ಮೂರನೆಯದೊಂದು ಚಿಕ್ಕ ಪಟ್ಟಿ ಮಾಡಿದೆ. ನಮ್ಮ ಪಟ್ಟಿಯಲ್ಲಿ ಪ್ರಿಂಟರಿಗೆ ಹೋಗುವ ದಾರಿ ಬರೆದೆ. ಕಾಕಾನ ಪಟ್ಟಿಯಲ್ಲೂ ಬರೆದೆ. ಹೋಗುವುದೇನೋ ಆಯಿತು. ಆದರೆ ಪ್ರಿಂಟರು 'ಬಂತು, ಮುಂದಿನದನ್ನು ಕಳಿಸು' ಎಂದು ಉತ್ತರ ಕೊಡಬೇಕಲ್ಲ, ಆ ಉತ್ತರಕ್ಕೂ ಅದರ ಪಟ್ಟಿಯಲ್ಲಿ ದಾರಿ ಬೇಕು. 192.168.1.20ಕ್ಕೆ ಹೋಗಬೇಕೆಂದರೆ ಎಡಕ್ಕೋ ಬಲಕ್ಕೋ? ಬೇರೆ ಬೇರೆ ಇದ್ದಾಗ ಇಬ್ಬರೂ ಒಂದೇ ಹೆಸರಿಟ್ಟುಕೊಂಡು ಬದುಕಬಹುದು. ನಡುವೆ ಹಂಚಿಕೊಳ್ಳುವ ಒಂದು ವಸ್ತು ಬಂದ ಕೂಡಲೇ, ಆ ವಸ್ತುವಿನ ಕಣ್ಣಿಗೆ ಇಬ್ಬರೂ ಬೇರೆ ಬೇರೆಯಾಗಿ ಕಾಣಬೇಕು. ವಿಳಾಸ ಮರೆಮಾಚಿ ಕಳಿಸುವ ಅಡ್ಡದಾರಿಗಳಿವೆ. ಅವು ಮುಂದೆಂದಾದರೂ ಯಾರ ಕಾಗದ ಯಾರದೆಂದು ಹುಡುಕುವವರಿಗೆ ಕಷ್ಟ ಕೊಡುತ್ತವೆ. ಸರಿಯಾದ ದಾರಿಯೆಂದರೆ ಒಂದು ಮನೆಯ ವಿಳಾಸಗಳನ್ನು ಬದಲಿಸುವುದು.

ಅಪ್ಪನಿಗೆ ಹೇಳಿದೆ: "ನಮ್ಮ ಮನಿ ನಂಬರ್ ಬದಲ ಮಾಡಬೇಕಾಗ್ತದಪ್ಪಾ."

"ಮನಿ ನಂಬರ? ಪಂಚಾಯ್ತಿದು?"

"ಅಲ್ಲಪ್ಪಾ, ನೆಟ್ಟಿಂದು. ಇಬ್ಬರದೂ ಒಂದಽ ಐತಿ. ಯಾರರ ಒಬ್ಬರು ಬದಲ ಮಾಡಬೇಕು."

"ಅವಂಗ ಮಾಡಂತ ಹೇಳು. ನಾ ಹಿರ್ಯಾ ಅದೀನಿ."

ಅಂಗಡಿಯಲ್ಲಿ ಹತ್ತು ಯಂತ್ರಗಳಿವೆ, ಒಂದು ದಿನ ಕೆಲಸ ನಿಲ್ಲುತ್ತದೆ, ನಮ್ಮಲ್ಲಿರುವುದು ಮೂರೇ ಎಂದು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮೀಸೆ ತೀಡಿಕೊಂಡ. "ಬದಲ ಮಾಡಿದ್ರ ನಮಗೇನರ ಲುಕ್ಸಾನ ಐತೇನು?"

"ಏನೂ ಇಲ್ಲ."

"ಮತ್ತ ಮಾಡು ಹೋಗು. ಇದನ್ನೇನ ಕೇಳ್ತಿ."

ಸೋರಿಕೆಯ ಈ ಎರಡು ಸಾಲುಗಳ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಒಂದು ಪಟ್ಟಿಯಲ್ಲಿ ದಾರಿ ಬರೆದರೆ ಅರ್ಧ ಕೆಲಸವೂ ಆಗುವುದಿಲ್ಲ. ಆಚೆಯ ಪಟ್ಟಿಯಲ್ಲೂ ಮರಳುವ ದಾರಿ ಬರೆಯದಿದ್ದರೆ ಕಳಿಸಿದ್ದು ಹೋಗುತ್ತದೆ, ಏನೂ ಬರುವುದಿಲ್ಲ. ಕಳಿಸಿದವನಿಗೆ ಆಚೆಯವನು ಸತ್ತಿದ್ದಾನೋ ಸುಮ್ಮನಿದ್ದಾನೋ ತಿಳಿಯುವುದಿಲ್ಲ. ನಮ್ಮ ಧಾರವಾಡ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲ, 1923ರಲ್ಲಿ, ಸರ್ಕಾರಿ ಹಣದ ಕೆರೆ, ಬಾವಿ, ಶಾಲೆಗಳನ್ನು ಅಸ್ಪೃಶ್ಯರೆನಿಸಿಕೊಂಡವರೂ ಬಳಸಬಹುದು ಎಂಬ ನಿರ್ಣಯ ಅಲ್ಲಿನ ಶಾಸನ ಪರಿಷತ್ತಿನಲ್ಲಿ ಪಾಸಾಯಿತು. ಸರ್ಕಾರದ ಪಟ್ಟಿಯಲ್ಲಿ ಸಾಲು ಸೇರಿತು. ಊರುಗಳ ಪಟ್ಟಿಯಲ್ಲಿ ಸೇರಲಿಲ್ಲ. ನಾಲ್ಕು ವರ್ಷದ ಮೇಲೆ, 1927ರ ಮಾರ್ಚ್ 20ರಂದು, ಅಂಬೇಡ್ಕರರು ಮಹಾಡದ ಚವದಾರ ಕೆರೆಗೆ ಜನರೊಂದಿಗೆ ನಡೆದುಹೋಗಿ ನೀರು ಕುಡಿಯಬೇಕಾಯಿತು. ಬೇರೆ ಇಡುವುದು ಎಂದ ಕೂಡಲೇ ನಮ್ಮ ಊರುಗಳಲ್ಲಿ ಬೇರೆ ಲೋಟ, ಬೇರೆ ಬಾವಿ ನೆನಪಾಗುವುದು ಸಹಜ, ಆಗಬೇಕು ಕೂಡ. ಪೆಟ್ಟಿಗೆಗೆ ಅದು ತಿಳಿಯದು. ಯಾರನ್ನು ಕಾಪಾಡಲು ಬೇರೆ ಇಟ್ಟದ್ದು, ಯಾರನ್ನು ದೂರ ಇಡಲು ಬೇರೆ ಇಟ್ಟದ್ದು ಎಂದು ನೋಡಲು ಸಾಲುಗಳನ್ನು ಬರೆದ ಕೈಯನ್ನು ನೋಡಬೇಕು. ನಮ್ಮ ಪಡಸಾಲೆಯ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಆ ಕೈ ನನ್ನದು. ಎರಡೂ ಪಟ್ಟಿ ನನಗೆ ಕಾಣುತ್ತವೆ. ಮನಸ್ಸು ಮಾಡಿದರೆ ಕಾಕಾನ ಅಂಗಡಿಯ ಪ್ರತಿ ಯಂತ್ರಕ್ಕೂ ನನಗೊಂದು ದಾರಿ ಬರೆದುಕೊಳ್ಳಬಹುದು. ಅದಕ್ಕೇ ಎರಡೂ ಪಟ್ಟಿಗಳನ್ನು ಕಾಗದದ ಮೇಲೆ ಬರೆದು ತಮ್ಮನಿಗೆ ಕೊಟ್ಟು, ಪಾಸ್‌ವರ್ಡನ್ನೂ ಕೊಟ್ಟಿದ್ದೇನೆ.

ಈ ಮುಂಗಾರಿನಲ್ಲಿ ಆಯಿಯ ಹೆಸರಿನಲ್ಲೇ ಉಳಿದಿದ್ದ ಇಪ್ಪತ್ತು ಗುಂಟೆ ಗದ್ದೆಯ ಮಾತು ಬಂತು. ವಾರಸಾ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು, ಅದರಲ್ಲಿ ತೀರಿಕೊಂಡವರ ಸಮೇತ ಎಲ್ಲ ಮಕ್ಕಳ ಹೆಸರೂ ಇರಬೇಕು, ಅರ್ಜಿಗೆ ಎಲ್ಲ ವಾರಸುದಾರರ ಸಹಿ ಬೇಕು. ಅಪ್ಪ ಹೇಳಿದ ಹಾಗೆ ನಾನು ಟೈಪ್ ಮಾಡಿದೆ. ಮೇಲೆ ಅಜ್ಜ, ಆಯಿ. ಕೆಳಗೆ ಅಪ್ಪ, ಕಾಕಾ, ಅಳ್ನಾವರಕ್ಕೆ ಕೊಟ್ಟ ಅತ್ತೆ. ಪ್ರಿಂಟ್ ಕೊಟ್ಟು ಧಾರವಾಡಕ್ಕೆ ಗೈಡ್ ಅವರನ್ನು ನೋಡಲು ಹೋದೆ. ಕಾಗದ ಅಂಗಡಿಯ ಪ್ರಿಂಟರಿನಲ್ಲಿ ಬಿದ್ದಿತ್ತು.

ಸಂಜೆ ಬಂದಾಗ ಅದು ನಮ್ಮ ಅಡುಗೆಮನೆಯ ಮಾಡದಲ್ಲಿತ್ತು. ತಮ್ಮ ತಂದು ಇಟ್ಟು ಹೋಗಿದ್ದ. ಅಪ್ಪನ ಹೆಸರಿಗೂ ಕಾಕಾನ ಹೆಸರಿಗೂ ನಡುವೆ ಬಾಣದ ಗುರುತು ಹಾಕಿ, ಕಾಕಾನ ದುಂಡು ಅಕ್ಷರದಲ್ಲಿ ಒಂದು ಗಂಡುಮಗುವಿನ ಹೆಸರು ಬರೆದಿತ್ತು. ಪಕ್ಕದಲ್ಲಿ: ಸಣ್ಣಂವಿದ್ದಾಗ ತೀರಿಕೊಂಡಾನ.

ಆ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಅಪ್ಪ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಹೌದು, ಇದ್ದ. ನಾ ಅವನ್ನ ಎತ್ತಿ ಆಡಿಸೀನಿ" ಎಂದ. ಸ್ವಲ್ಪ ತಡೆದು, "ಇವಂಗ್ಯಾರು ಹೇಳಿದ್ರು? ಇಂವ ಇನ್ನೂ ಹುಟ್ಟೇ ಇರ್ಲಿಲ್ಲ" ಎಂದ.

"ಆಯಿ ಹೇಳಿರಬೇಕು" ಎಂದಳು ಅವ್ವ ಒಲೆಯ ಮುಂದಿನಿಂದ.

ಅಪ್ಪ ಕಾಗದ ಹಿಡಿದುಕೊಂಡೇ ಎದ್ದು ಪಡಸಾಲೆ ದಾಟಿ ಹೋದ. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ, ಬಹಳ ಹೊತ್ತೇನೂ ಆಗಲಿಲ್ಲ. ಬಂದವನೇ, ಆ ಹುಡುಗ ಹುಟ್ಟಿದ ವರ್ಷ ಇಬ್ಬರಿಗೂ ನೆನಪಿಲ್ಲ, ಅತ್ತೆಗೆ ಫೋನ್ ಮಾಡಿ ಕೇಳು ಎಂದ. ಅತ್ತೆಗೂ ಗೊತ್ತಿರಲಿಲ್ಲ. ವರ್ಷ ಬಿಟ್ಟು ಹೆಸರನ್ನಷ್ಟೇ ಸೇರಿಸಿದೆ. ಅರ್ಜಿಗೆ ಈಗ ಮೂವರ ಸಹಿಯೂ ಆಗಿದೆ. ಗದ್ದೆ ಯಾರ ಪಾಲಿಗೆ ಎಂಬ ಮಾತು ಇನ್ನೂ ಬಂದಿಲ್ಲ, ಬಂದಾಗ ಜಗಳ ಆಗಬಹುದು. ಹಾಗಾದರೂ ಎದುರುಬದುರು ಕೂತೇ ಆಗುತ್ತದೆ ಎಂದು ಅವ್ವ ಹೇಳುತ್ತಾಳೆ.